ಕಾಲಿನಿಂದ ಶ್ವಾಸಕೋಶಕ್ಕೆ: ವಿರ್ಚೋ ಹಿಡಿದ ಜಾಡು

ಹಾಸಿಗೆ ಹಿಡಿದವರು ಚೇತರಿಸಿಕೊಳ್ಳುತ್ತಿರುವಾಗಲೇ ಇದ್ದಕ್ಕಿದ್ದಂತೆ ಉಸಿರುಗಟ್ಟಿ ಸಾಯುವುದೇಕೆ? 1840ರ ದಶಕದಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ರುಡಾಲ್ಫ್ ವಿರ್ಚೋ ಅವರನ್ನು ಕಾಡಿದ ಪ್ರಶ್ನೆಯಿದು. 1821ರಲ್ಲಿ ಹುಟ್ಟಿದವರು, ಆಗ ನಮಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ! ಶ್ವಾಸಕೋಶದಲ್ಲಿ ಸಿಕ್ಕ ಹೆಪ್ಪು ಅಲ್ಲಿ ಹುಟ್ಟಿದ್ದಲ್ಲ, ಕಾಲಿನ ಅಭಿಧಮನಿಯಿಂದ ಕಳಚಿ ಹೃದಯದ ಮೂಲಕ ಬಂದದ್ದು ಎಂದು ಅವರು ತೋರಿಸಿದರು. ನಾಯಿಯ ರಕ್ತನಾಳಕ್ಕೆ ರಬ್ಬರ್ ಚೂರು ಹಾಕಿ, ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದನ್ನೂ ಕಂಡರು.

1848ರಲ್ಲಿ ಬರ್ಲಿನ್ ಬಂಡಾಯಕ್ಕಿಳಿದು ಕೆಲಸಕ್ಕೇ ಕುತ್ತು ತಂದುಕೊಂಡರು. ಅದು ಬೇರೆಯೇ ಕಥೆ.

ನಿಧಾನವಾದ ಹರಿವು, ನಾಳದ ಗಾಯ, ಬೇಗ ಹೆಪ್ಪುಗಟ್ಟುವ ರಕ್ತ: ಈ ಮೂರು ಕಾರಣಗಳಿಗೆ ಅವರದೇ ಹೆಸರಿದೆ. ಹೆಸರಿಟ್ಟವರು ಮಾತ್ರ ನಂತರದವರು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವ ನನಗೆ ಮೊದಲನೆಯದು ಸಲೀಸಾಗಿ ಅರ್ಥವಾಯಿತು. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡ. ಮಲಗಿದವರಲ್ಲಿ ಅದು ಆಫ್. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿರುವ ನಮ್ಮಜ್ಜಿಯ ಪಾದವನ್ನು, ಡಾಕ್ಟರು ಹೇಳಿದಂತೆ, ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸುತ್ತೇನೆ. ಹೆಪಾರಿನ್ ಇಂಜೆಕ್ಷನ್ ತಪ್ಪಿಸುವಂತಿಲ್ಲ. ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ ತಿಕ್ಕದೆ ತಕ್ಷಣ ಆಸ್ಪತ್ರೆಗೆ ಕರೆತರಬೇಕಂತೆ. ಅಜ್ಜಿ ಮಾತ್ರ ಎಣ್ಣೆ ಹಚ್ಚಿ ತಿಕ್ಕು ಎಂದು ಗೊಣಗುತ್ತಾಳೆ!

1902ರ ಜನವರಿಯಲ್ಲಿ, ಎಂಬತ್ತರ ವಿರ್ಚೋ ಚಲಿಸುವ ಟ್ರಾಮಿನಿಂದ ಜಿಗಿದು ಬಿದ್ದು ತೊಡೆಮೂಳೆ ಮುರಿದುಕೊಂಡರು. ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡರು. ಹೆಪಾರಿನ್ ಪತ್ತೆಯಾಗಲು ಆಗಿನ್ನೂ 14 ವರ್ಷ ಬಾಕಿಯಿತ್ತು.