ಸರಸ್ವತಿಯ ಮೂಗುತಿ: ಶ್ರೀ ಪುರಂದರದಾಸರ ಜೀವನಕಥೆ

ವಿಜಯನಗರದ ಅರಸರು ಮಹಾನವಮಿ ದಿಬ್ಬದ ಮೇಲೆ ಕುಳಿತು ದಸರಾ ಮಹೋತ್ಸವದ ವೈಭವವನ್ನು ವೀಕ್ಷಿಸುತ್ತಿದ್ದ ಕಾಲವದು. ಆನೆ, ಕುದುರೆ, ಮಲ್ಲಯುದ್ಧ, ನರ್ತಕಿಯರ ಮೈಮೇಲಿನ ಚಿನ್ನ ಇವುಗಳನ್ನು ಕಂಡು ಬೆರಗಾದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಎಲ್ಲವನ್ನೂ ವಿವರವಾಗಿ ಬರೆದಿಟ್ಟು ಹೋಗಿದ್ದಾನೆ. ಅವನು ಬಂದುಹೋದ ಕೆಲವೇ ವರ್ಷಗಳಲ್ಲಿ ಅದೇ ರಾಜಧಾನಿಯ ಬೀದಿಗಳಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತ, ಹರಿನಾಮವನ್ನು ಹಾಡುತ್ತ, ಮನೆಮನೆಯ ಮುಂದೆ ಒಂದು ಹಿಡಿ ಅಕ್ಕಿಗಾಗಿ ನಿಲ್ಲುವ ಒಬ್ಬ ಗೃಹಸ್ಥರು ಕಾಣಿಸಿಕೊಂಡರು. ಇವರ ಹಿಂದೆ ಪತ್ನಿಯಿದ್ದಳು, ಮಕ್ಕಳಿದ್ದರು. ಈ ಭಿಕ್ಷುಕರು ಒಂದು ಕಾಲಕ್ಕೆ ನವಕೋಟಿನಾರಾಯಣರೆಂದು ಹೆಸರಾಗಿದ್ದವರೆಂದರೆ ನೋಡಿದವರು ನಂಬುವುದು ಕಷ್ಟವಾಗುತ್ತಿತ್ತು.

ದಾಸವರೇಣ್ಯರ ಜನನ 1484ರಲ್ಲಿ ಎಂಬುದು ಸಂಪ್ರದಾಯದ ಮಾತು. ತಂದೆ ವರದಪ್ಪನಾಯಕರು ರತ್ನಪಡಿ ವ್ಯಾಪಾರಿಗಳು. ತಿರುಪತಿಯ ಸ್ವಾಮಿಯ ಅನುಗ್ರಹದಿಂದ ಹುಟ್ಟಿದ ಮಗುವೆಂದು ಶ್ರೀನಿವಾಸನೆಂದೇ ನಾಮಕರಣವಾಯಿತು, ಮನೆಯಲ್ಲಿ ಶೀನಪ್ಪ. ಹುಟ್ಟಿದ ಊರು ಯಾವುದು ಎಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಪುಣೆಯ ಸಮೀಪದ ಪುರಂದರಗಡವೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮುಂದೆ 1665ರಲ್ಲಿ ಶಿವಾಜಿ ಮಹಾರಾಜರಿಗೂ ಮಿರ್ಜಾ ರಾಜಾ ಜಯಸಿಂಹನಿಗೂ ಒಪ್ಪಂದವಾದ ಕೋಟೆ ಅದೇ. ತೀರ್ಥಹಳ್ಳಿಯ ಬಳಿಯ ಆರಗದ ಸೀಮೆಯೇ ದಾಸರ ಜನ್ಮಸ್ಥಳವೆಂದು ಈಚಿನ ವಿದ್ವಾಂಸರು ಅನೇಕರು ವಾದಿಸುತ್ತಾರೆ. ಅವರ ಕನ್ನಡದ ಸೊಗಡನ್ನು ನೋಡಿದರೆ ಎರಡನೆಯ ವಾದಕ್ಕೆ ಬಲ ಬರುವುದು ನಿಜ. ಆದರೆ ಪುಣೆ, ಮುಂಬಯಿಗಳ ಕನ್ನಡಿಗರು ಗಡದ ಮೇಲಿನ ತಮ್ಮ ಹಕ್ಕನ್ನು ಸುಲಭವಾಗಿ ಬಿಟ್ಟುಕೊಡಲಾರರು.

ಶೀನಪ್ಪನಾಯಕರು ತಂದೆಯ ವ್ಯವಹಾರವನ್ನು ಬೆಳೆಸಿದರು. ರತ್ನ ಕೊಳ್ಳುವುದು, ಮಾರುವುದು, ಒಡವೆಯನ್ನು ಅಡವಿಟ್ಟುಕೊಂಡು ಬಡ್ಡಿಗೆ ಸಾಲ ಕೊಡುವುದು, ಇವು ಅವರ ಉದ್ಯೋಗ. ವರಾಹಗಳು ರಾಶಿಯಾದಂತೆ ಕೈ ಬಿಗಿಯಾಯಿತು. ಬಡ್ಡಿಯ ಲೆಕ್ಕದಲ್ಲಿ ಒಂದು ಕಾಸನ್ನೂ ಬಿಡದವರೆಂದು ಊರೆಲ್ಲ ಹೆಸರಾಯಿತು. ಇಲ್ಲಿ ಒಂದು ಮಾತು. ಕಥೆ ಹೇಳುವವರು ಅವರನ್ನು ಲೋಭಿಯೆಂದು ಚಿತ್ರಿಸುತ್ತಾರೆಯೇ ಹೊರತು ಮೋಸಗಾರನೆಂದು ಯಾರೂ ಚಿತ್ರಿಸುವುದಿಲ್ಲ. ಲೆಕ್ಕದಲ್ಲಿ ಅವರು ಶುದ್ಧರು. ಆ ಲೆಕ್ಕದಾಚೆಗೆ ಇನ್ನೇನಾದರೂ ಉಂಟೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಅವರ ಪತ್ನಿ ಸರಸ್ವತಿಬಾಯಿ. ಹೆಸರಿಗೆ ತಕ್ಕ ಸುಶೀಲೆ, ದೈವಭಕ್ತೆ. ನವಕೋಟಿ ಐಶ್ವರ್ಯದ ಮನೆಯ ಯಜಮಾನಿಯಾದರೂ ಬಾಗಿಲಿಗೆ ಬಂದವರಿಗೆ ಸ್ವತಂತ್ರವಾಗಿ ಒಂದು ಹಣ ಕೊಡುವ ಅಧಿಕಾರ ಆಕೆಗಿರಲಿಲ್ಲ. ಪೆಟ್ಟಿಗೆಯ ಕೀಲಿಕೈ ಪತಿಯ ಸೊಂಟದಲ್ಲಿ.

ಒಂದು ದಿನ ವೃದ್ಧ ಬ್ರಾಹ್ಮಣನೊಬ್ಬ ಅಂಗಡಿಗೆ ಬಂದ. ಮಗನ ಉಪನಯನ ಮಾಡಬೇಕಾಗಿದೆ, ಕೈಯಲ್ಲಿ ಕಾಸಿಲ್ಲ, ತಮ್ಮಂಥ ಶ್ರೀಮಂತರು ಸಹಾಯ ಮಾಡಬೇಕು ಎಂದು ಬೇಡಿಕೊಂಡ. ನಾಯಕರು ನಾಳೆ ಬಾ ಎಂದರು. ನಾಳೆ ಬಂದಾಗ ಮತ್ತೊಂದು ನಾಳೆ. ಹೀಗೆ ಆರು ತಿಂಗಳು ಅಲೆದಾಡಿಸಿದರೆಂದು ಹರಿಕಥೆಯವರು ಹೇಳುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜಿಯರು ಉಪನಯನದ ಬದಲು ಮಗಳ ಮದುವೆಯೆಂದು ಹೇಳುವುದುಂಟು. ಅಲೆದಾಟಕ್ಕೆ ಮಾತ್ರ ಎಲ್ಲರ ಒಪ್ಪಿಗೆಯಿದೆ. ಕೊನೆಗೆ ಕಾಟ ತಾಳಲಾರದೆ ನಾಯಕರು ಸವೆದುಹೋದ, ಚಲಾವಣೆಯಾಗದ ನಾಣ್ಯಗಳ ಚೀಲವೊಂದನ್ನು ಮುಂದೆ ಸುರಿದು, ಇದರಲ್ಲಿ ಒಂದನ್ನು ಆರಿಸಿಕೊಂಡು ಹೋಗು, ಮತ್ತೆ ಈ ಕಡೆ ಸುಳಿಯಬೇಡ ಎಂದರು.

ಬ್ರಾಹ್ಮಣ ನಾಣ್ಯವನ್ನು ಮುಟ್ಟಲಿಲ್ಲ. ನೇರವಾಗಿ ನಾಯಕರ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ಸರಸ್ವತಿಬಾಯಿಯ ಮುಂದೆ ನಿಂತು ಅದೇ ಕಥೆಯನ್ನು ಹೇಳಿದ. ಆಕೆಯ ಕರುಳು ಚುರ್ರೆಂದಿತು. ಕೊಡಲು ಕೈಯಲ್ಲಿ ಏನಿದೆ? ಮನೆಯಲ್ಲಿರುವುದೆಲ್ಲ ಯಜಮಾನರದು. ಯಜಮಾನರದಲ್ಲದ ವಸ್ತು ಆಕೆಯ ಮೈಮೇಲೆ ಒಂದೇ ಒಂದಿತ್ತು, ತವರಿನವರು ಕೊಟ್ಟಿದ್ದ ವಜ್ರದ ಮೂಗುತಿ. ಮುತ್ತೈದೆಯ ಮುಖದ ಮೇಲಿನ ಒಡವೆ; ತೆಗೆದರೆ ಊರಿಗೆಲ್ಲ ಕಾಣುತ್ತದೆ, ಗಂಡನಿಗೆ ಮೊದಲು ಕಾಣುತ್ತದೆ. ಅದನ್ನು ತಿಳಿದೇ ಆಕೆ ಬಿಚ್ಚಿಕೊಟ್ಟಳು. ಈ ಕಥೆಯ ನಿಜವಾದ ತ್ಯಾಗ ಇಲ್ಲಿಯೇ ನಡೆದುಹೋಯಿತೆನ್ನಬೇಕು. ಮುಂದೆ ಪತಿ ನವಕೋಟಿಯನ್ನು ಬಿಟ್ಟಾಗ ಲೋಕವೆಲ್ಲ ಕೊಂಡಾಡಿತು. ಆದರೆ ಆಕೆ ಮೂಗುತಿಯನ್ನು ಬಿಟ್ಟಾಗ ನೋಡಿದವರು ಯಾರೂ ಇರಲಿಲ್ಲ, ಮುಂದೆ ಕಾದಿದ್ದುದು ಕೀರ್ತಿಯೂ ಅಲ್ಲ.

ಬ್ರಾಹ್ಮಣನ ವಿಚಿತ್ರ ಬುದ್ಧಿಯನ್ನು ನೋಡಿ. ಆ ಮೂಗುತಿಯನ್ನು ಅವನು ಮಾರಲು ಒಯ್ದದ್ದು ಶೀನಪ್ಪನಾಯಕರ ಅಂಗಡಿಗೇ! ಒಡವೆಯನ್ನು ಕೈಯಲ್ಲಿ ಹಿಡಿದೊಡನೆಯೇ ಅದು ಯಾರದೆಂದು ನಾಯಕರಿಗೆ ತಿಳಿದುಹೋಯಿತು. ಕಲ್ಲಿನ ಹೊಳಪು, ಕಟ್ಟಡ, ತೂಕ, ಇವುಗಳಲ್ಲಿ ಅವರು ಎಂದೂ ತಪ್ಪಿದವರಲ್ಲ. ಮುಖಭಾವ ಬದಲಿಸದೆ, ಬೆಲೆ ನಾಳೆ ಹೇಳುತ್ತೇನೆಂದು ಬ್ರಾಹ್ಮಣನನ್ನು ಕಳಿಸಿದರು. ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅಂಗಡಿಯನ್ನು ಮುಚ್ಚಿ, ಎಂದೂ ಇಲ್ಲದ ಹೊತ್ತಿನಲ್ಲಿ ಮನೆಗೆ ಬಂದರು.

ಮೂಗುತಿ ಎಲ್ಲಿ ಎಂದು ಕೇಳಿದಾಗ ಸರಸ್ವತಿಬಾಯಿ ನಡುಗಿದಳು. ಒಳಗಿದೆ ಎಂದು ಬಾಯಿಗೆ ಬಂದ ಉತ್ತರ ಕೊಟ್ಟಳು. ಈಗಲೇ ತಂದು ತೋರಿಸೆಂದು ಪತಿಯ ಆಜ್ಞೆಯಾಯಿತು. ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಆಕೆಗೆ ಉಳಿದಿದ್ದ ದಾರಿ ಒಂದೇ. ಬಟ್ಟಲಿನಲ್ಲಿ ವಿಷ ಕಲಸಿ, ದೇವರಿಗೆ ಕೈಮುಗಿದು, ತುಟಿಯ ಬಳಿ ತಂದಳು. ಆಗ ಬಟ್ಟಲಿನಲ್ಲಿ ಟಣ್ ಎಂದು ಸದ್ದಾಯಿತು. ತಳದಲ್ಲಿ ಮೂಗುತಿ ಹೊಳೆಯುತ್ತಿತ್ತು. ಆಕೆ ಅದನ್ನು ತಂದು ಪತಿಯ ಕೈಯಲ್ಲಿಟ್ಟಳು.

ನಾಯಕರು ಅಂಗಡಿಗೆ ಓಡಿದರು. ಬೀಗ ಹಾಕಿದಂತೆಯೇ ಇತ್ತು. ಪೆಟ್ಟಿಗೆ ತೆರೆದರೆ ಅದರಲ್ಲಿ ಮೂಗುತಿ ಇರಲಿಲ್ಲ. ಬ್ರಾಹ್ಮಣನಿಗಾಗಿ ಊರೆಲ್ಲ ಹುಡುಕಿಸಿದರು. ಅಂಥವನನ್ನು ಕಂಡವರೇ ಇಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಶೀನಪ್ಪನಾಯಕರ ಲೆಕ್ಕ ತಾಳೆಯಾಗಲಿಲ್ಲ. ಮನೆಗೆ ಹಿಂತಿರುಗಿ ಪತ್ನಿಯನ್ನು ನಿಜ ಕೇಳಿದರು, ಆಕೆ ನಡೆದುದೆಲ್ಲವನ್ನೂ ಹೇಳಿದಳು. ಬಂದವನು ಸಾಕ್ಷಾತ್ ಶ್ರೀಹರಿಯೆಂದೂ, ಆರು ತಿಂಗಳು ಅವನನ್ನು ತಾನು ಮೆಟ್ಟಿಲ ಮೇಲೆ ನಿಲ್ಲಿಸಿದೆನೆಂದೂ ಅವರಿಗೆ ಹೊಳೆಯಿತು. ತಾನು ಗುರುತಿಸಲಾರದವನನ್ನು ಪತ್ನಿ ಗುರುತಿಸದೆಯೇ ಸತ್ಕರಿಸಿದ್ದಳು.

ಈ ಕಥೆಗೆ ಶಾಸನಾಧಾರವನ್ನು ಕೇಳಿದರೆ ಕೊಡುವುದು ಸಾಧ್ಯವಿಲ್ಲ. ಆದರೆ ಆದುದೆಲ್ಲ ಒಳ್ಳೆಯದಕ್ಕೇ ಆಯಿತೆಂದು ದಾಸರೇ ಒಂದು ಪದದಲ್ಲಿ ಸಂತೋಷಪಟ್ಟಿದ್ದಾರೆ. ತಂಬೂರಿ ಹಿಡಿಯಲು, ಭಿಕ್ಷೆಯ ಬುಟ್ಟಿ ಹಿಡಿಯಲು ನಾಚುತ್ತಿದ್ದ ತಮ್ಮನ್ನು ಆ ದಾರಿಗೆ ಹಚ್ಚಿದವಳು ಹೆಂಡತಿಯೇ ಎಂದು ಮನಸಾರೆ ಹರಸಿದ್ದಾರೆ. ಪತ್ನಿಯನ್ನು ಬಂಧನವೆಂದು ಹಳಿದ ವೈರಾಗ್ಯದ ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಪತ್ನಿಯೇ ಗುರುವಾದಳೆಂದು ಒಪ್ಪಿಕೊಂಡ ಭಕ್ತರು ವಿರಳ.

ಆಸ್ತಿಯನ್ನೆಲ್ಲ ದಾನ ಮಾಡಿ ದಂಪತಿಗಳು ಮಕ್ಕಳೊಡನೆ ವಿಜಯನಗರದ ದಾರಿ ಹಿಡಿದರು. ಕಾಡಿನಲ್ಲಿ ಕತ್ತಲಾಯಿತು. ಸರಸ್ವತಿಬಾಯಿ ಭಯವಾಗುತ್ತದೆಂದಳು. ಕೈಯಲ್ಲಿ ಏನೂ ಇಲ್ಲದವರಿಗೆ ಭಯವೇಕೆಂದು ಪತಿ ವಿಚಾರಿಸಿದಾಗ, ಪತಿಗೆ ನೀರು ಕೊಡಲೆಂದು ಚಿನ್ನದ ಬಟ್ಟಲೊಂದನ್ನು ಗಂಟಿನಲ್ಲಿ ತಂದಿರುವುದು ಹೊರಬಿತ್ತು. ದಾಸರು ಅದನ್ನು ತೆಗೆದು ಪೊದೆಯಲ್ಲಿ ಎಸೆದರು. ಭಯವೂ ಅದರೊಡನೆಯೇ ಹೋಯಿತಂತೆ.

ವಿಜಯನಗರದಲ್ಲಿ ಆಗ ಶ್ರೀ ವ್ಯಾಸರಾಯರ ಪ್ರಭಾವ ಮಧ್ಯಾಹ್ನದ ಸೂರ್ಯನಂತಿತ್ತು. ಬನ್ನೂರಿನಲ್ಲಿ ಜನಿಸಿದ ಆ ಯತಿಗಳು ಕೃಷ್ಣದೇವರಾಯನಿಗೆ ಪೂಜ್ಯರಾಗಿದ್ದವರು. ಸಂಸ್ಕೃತದಲ್ಲಿ ಪ್ರೌಢ ತರ್ಕಗ್ರಂಥಗಳನ್ನು ರಚಿಸಿದವರಾದರೂ ಕನ್ನಡದಲ್ಲಿ ಹಾಡುವುದನ್ನು ಕೀಳೆಂದು ಎಣಿಸಲಿಲ್ಲ. ಸುಮಾರು 1525ರಲ್ಲಿ ಅವರು ಶ್ರೀನಿವಾಸನಾಯಕರಿಗೆ ದೀಕ್ಷೆಯಿತ್ತು ಪುರಂದರವಿಠಲನೆಂಬ ಅಂಕಿತವನ್ನು ಅನುಗ್ರಹಿಸಿದರು. ನಾಯಕರಿಗಾಗ ನಲವತ್ತರ ಪ್ರಾಯ. ಬಾಳಿನ ಲೆಕ್ಕವೆಲ್ಲ ಮುಗಿಯಿತೆಂದು ಬಹಳ ಮಂದಿ ತಿಳಿಯುವ ವಯಸ್ಸಿನಲ್ಲಿ ಅವರ ನಿಜವಾದ ಬಾಳು ಆರಂಭವಾಯಿತು. ಶಿಷ್ಯನ ಪದಗಳನ್ನು ಗುರುಗಳೇ ಉಪನಿಷತ್ತಿಗೆ ಸಮಾನವೆಂದು ಗೌರವಿಸಿದರೆಂಬ ಪ್ರತೀತಿಯಿದೆ.

ದಾಸರದು ಅಂದಂದಿನ ಅನ್ನವನ್ನು ಅಂದಂದೇ ಬೇಡಿ ತರುವ ವ್ರತ. ನಾಳೆಗೆಂದು ಒಂದು ಕಾಳನ್ನೂ ಇಡುವಂತಿಲ್ಲ. ಇದು ನಿಜವೇ ಎಂದು ಪರೀಕ್ಷಿಸಲು ಕೃಷ್ಣದೇವರಾಯನು ಭಿಕ್ಷೆಯ ಅಕ್ಕಿಯಲ್ಲಿ ಮುತ್ತುರತ್ನಗಳನ್ನು ಬೆರೆಸಿಕೊಟ್ಟನಂತೆ. ಕೆಲವು ದಿನಗಳ ಮೇಲೆ ಗುಡಿಸಲಿಗೆ ಹೋಗಿ ನೋಡಿದರೆ, ಸರಸ್ವತಿಬಾಯಿ ಅಕ್ಕಿಯನ್ನು ಮೊರದಲ್ಲಿ ಕೇರುತ್ತ, ಅರಮನೆಯ ಅಕ್ಕಿಯಲ್ಲಿ ಈಚೆಗೆ ಕಲ್ಲು ಹೆಚ್ಚೆಂದು ರತ್ನಗಳನ್ನು ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದಳು. ರತ್ನಪಡಿ ವ್ಯಾಪಾರಿಯ ಹೆಂಡತಿಗೆ ರತ್ನದ ಗುರುತು ಸಿಕ್ಕಲಿಲ್ಲವೆಂದು ನಂಬುವವರು ನಂಬಲಿ! ಆಕೆಗೆ ಚೆನ್ನಾಗಿಯೇ ಗುರುತು ಸಿಕ್ಕಿರಬೇಕು.

ಬಿಟ್ಟುಬಂದ ವ್ಯಾಪಾರದ ಭಾಷೆಯನ್ನು ಮಾತ್ರ ದಾಸರು ಬಿಡಲಿಲ್ಲ. ಹರಿನಾಮವನ್ನು ಕಲ್ಲುಸಕ್ಕರೆಯೆಂದು ಬೀದಿಯಲ್ಲಿ ಕೂಗಿ ಮಾರಿದರು: ಎತ್ತಿನ ಮೇಲೆ ಹೇರಬೇಕಿಲ್ಲ, ಗೋಣಿಯಲ್ಲಿ ತುಂಬಬೇಕಿಲ್ಲ, ಸುಂಕದ ಕಟ್ಟೆಯ ಭಯವಿಲ್ಲ, ನಷ್ಟವಂತೂ ಇಲ್ಲವೇ ಇಲ್ಲ. ರಾಗಿಯ ಭಿಕ್ಷೆ ಬೇಡುವ ಹಾಡಿನಲ್ಲಿ ಆ ಒಂದೇ ಶಬ್ದವನ್ನು ತಿರುಗಿಸಿ ತಿರುಗಿಸಿ ಯೋಗ್ಯರಾಗಿ, ಭೋಗ್ಯರಾಗಿ ಬಾಳುವ ಬಗೆಯನ್ನು ಕಾಣಿಸಿದರು. ಮಡಿಯ ಆಡಂಬರವನ್ನೂ ಡಾಂಭಿಕ ಭಕ್ತಿಯನ್ನೂ ನಿರ್ದಾಕ್ಷಿಣ್ಯವಾಗಿ ಹಾಸ್ಯ ಮಾಡಿದರು. ಹುಟ್ಟಿನಿಂದ ಯಾರೂ ಹೊಲೆಯರಲ್ಲ, ನಡತೆ ಕೆಟ್ಟವನೇ ಹೊಲೆಯನೆಂದು ನಾಲ್ಕು ಶತಮಾನಗಳಿಗೂ ಹಿಂದೆಯೇ ಸಾರಿದರು. ಬಾಲಕೃಷ್ಣನನ್ನು ಕುರಿತು ಹಾಡಿದಾಗಲಂತೂ ಭಾಗವತದ ಕಥೆಗಳೆಲ್ಲ ಕನ್ನಡದ ಪಡಸಾಲೆಗೆ ಇಳಿದುಬಂದವು. ಯಶೋದೆ ನಮ್ಮ ಪಕ್ಕದ ಮನೆಯ ತಾಯಿಯಾದಳು, ಗೋಪಿಯರ ದೂರು ನಮ್ಮ ಬೀದಿಯ ಜಗಳವಾಯಿತು. ಓದು ಬಾರದ ತಾಯಂದಿರು ತಮ್ಮ ಮಕ್ಕಳಿಗೆ ಪುರಾಣವನ್ನು ಹೇಳಿಕೊಟ್ಟದ್ದು ಈ ಪದಗಳ ಮೂಲಕವೇ.

ಸಂಗೀತ ಕಲಿಯುವ ಮಕ್ಕಳು ಇಂದಿಗೂ ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆಯಿಂದ ಆರಂಭಿಸುತ್ತಾರೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ದಾಸರೆಂದೇ ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆನ್ನುವುದು. ಜಂಟಿವರಸೆ, ಅಲಂಕಾರ, ಮಲಹರಿಯ ಪಿಳ್ಳಾರಿಗೀತೆಗಳು ಚೆನ್ನೈಯ ಮೈಲಾಪುರದಲ್ಲೂ ಮುಂಬಯಿಯ ಮಾಟುಂಗದಲ್ಲೂ ಅದೇ ಕ್ರಮದಲ್ಲಿ ಕೇಳಿಬರುತ್ತವೆ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ದಾಸರಿಗೆ ನಮನ ಸಲ್ಲಿಸಿದ್ದಾರೆ. ದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದಗಳನ್ನು ರಚಿಸಿದರೆಂದು ನಂಬಿಕೆ. ನಮಗೆ ಉಳಿದಿರುವುದು ಅದರ ಅತ್ಯಲ್ಪ ಭಾಗ. ಅಷ್ಟಾದರೂ ಉಳಿದದ್ದು ಹಾಡುವವರ ಬಾಯಿಂದ ಬಾಯಿಗೆ ಬಂದು. ದಾಸರ ಪದಗಳನ್ನು ಮೊದಲು ಅಚ್ಚು ಹಾಕಿಸಿದವರು ಜರ್ಮನಿಯಿಂದ ಮಂಗಳೂರಿಗೆ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್, 1850ರಲ್ಲಿ. 1964ರಲ್ಲಿ ಭಾರತ ಸರ್ಕಾರ ದಾಸರ ಅಂಚೆಚೀಟಿ ಹೊರತಂದಿತು. ಅದೇ ವರ್ಷ ರಾಜಕುಮಾರ್ ಅವರು ನವಕೋಟಿನಾರಾಯಣ ಚಿತ್ರದಲ್ಲಿ ದಾಸರ ಪಾತ್ರ ವಹಿಸಿದರು.

ದಾಸರ ಹೃದಯವಿದ್ದದ್ದು ಪಂಢರಪುರದಲ್ಲಿ. ಅಲ್ಲಿ ಒಂದು ರಾತ್ರಿ ಶಿಷ್ಯ ಅಪ್ಪಣ್ಣನನ್ನು ನೀರು ತರಲು ಕೂಗಿದರು. ಬಂದದ್ದು ತಡವಾಯಿತೆಂದು ಕೋಪದಿಂದ ತಂಬಿಗೆಯಿಂದ ಹೊಡೆದರು. ಬೆಳಗ್ಗೆ ಕೇಳಿದರೆ ಅಪ್ಪಣ್ಣ ರಾತ್ರಿಯೆಲ್ಲ ನಿದ್ರಿಸಿದ್ದ. ಗರ್ಭಗುಡಿಯಲ್ಲಿ ವಿಠಲನ ಮುಖ ಊದಿಕೊಂಡಿತ್ತು. ಭಗವಂತ ಆ ಪೆಟ್ಟಿಗೆ ಮರುಪೆಟ್ಟು ಕೊಡದೆ ಬಿಡಲಿಲ್ಲ. ದಾಸರ ವೇಷದಲ್ಲಿ ವೇಶ್ಯೆಯೊಬ್ಬಳ ಮನೆಗೆ ಹೋಗಿ ತನ್ನ ಕಂಕಣವನ್ನು ಕೊಟ್ಟುಬಂದ. ಕಳವಿನ ಆರೋಪ ದಾಸರ ಮೇಲೆ ಬಂತು. ಅರ್ಚಕರು ಅವರನ್ನು ಗುಡಿಯ ಕಂಬಕ್ಕೆ ಕಟ್ಟಿ ಹೊಡೆದರು. ಒಂದು ಕಾಲಕ್ಕೆ ಊರಿನ ಒಡವೆಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದವರು ಒಂದು ಬಳೆಯ ಕಳ್ಳನೆನಿಸಿಕೊಂಡು ನಿಂತರು. ನಿಜ ತಿಳಿದ ಮೇಲೆ ಎಲ್ಲರೂ ಕಾಲಿಗೆ ಬಿದ್ದರೆಂದು ಬೇರೆ ಹೇಳಬೇಕಿಲ್ಲ. ದಾಸರ ಕಂಬವೆಂದು ಪಂಢರಪುರದ ದೇವಾಲಯದಲ್ಲಿ ಇಂದಿಗೂ ಅದನ್ನು ತೋರಿಸುತ್ತಾರೆ. ವಾರಕರಿಗಳ ಸಾಲಿನಲ್ಲಿ ನಿಂತ ಕನ್ನಡಿಗರು ಅದನ್ನು ತಬ್ಬಿಕೊಂಡೇ ಮುಂದೆ ಹೋಗುವುದು. ಪಂಢರಪುರದ ವಿಠಲನನ್ನು ವಿಜಯನಗರದ ಅರಸರು ಹಂಪೆಗೆ ಒಯ್ದಿದ್ದರೆಂದೂ, ಏಕನಾಥರ ಮುತ್ತಜ್ಜ ಭಾನುದಾಸರು ಮರಳಿ ತಂದರೆಂದೂ ಮರಾಠಿ ಸಂತರ ಚರಿತ್ರೆಗಳು ಹೇಳುತ್ತವೆ. ಎರಡು ಭಾಷೆಯವರೂ ತಮ್ಮವನೆಂದು ಎಳೆದಾಡಿದ ದೇವರು ಅವನು.

ಗುರುಗಳಾದ ವ್ಯಾಸರಾಯರು 1539ರಲ್ಲಿ ವೃಂದಾವನಸ್ಥರಾದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನದಲ್ಲಿ ಅವರ ಸನ್ನಿಧಿಯಿದೆ. ಅನಂತರವೂ ದಾಸರು ಇಪ್ಪತ್ತೈದು ವರ್ಷ ಹಾಡಿದರು. 1564ರ ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯಂದು ಅವರು ಹರಿಪಾದ ಸೇರಿದರೆಂದು ಸಂಪ್ರದಾಯ. ಸ್ವಲ್ಪದರಲ್ಲಿಯೇ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧವಾಗಿ ವಿಜಯನಗರ ಸುಲಿಗೆಗೆ ಸಿಕ್ಕಿತು. ಅರಸರ ಪೆಟ್ಟಿಗೆಗಳು ಆನೆಗಳ ಮೇಲೆ ದೇಶಾಂತರ ಹೋದವು. ದಾಸರ ಮನೆಯಲ್ಲಿ ಸುಲಿಯುವಂಥದೇನೂ ಇರಲಿಲ್ಲ.

ಹಂಪೆಯಲ್ಲಿ ವಿಜಯವಿಠಲ ದೇವಾಲಯದಿಂದ ಕೆಳಗಿಳಿದರೆ ತುಂಗಭದ್ರೆಯ ದಂಡೆಯಲ್ಲಿ ಪುರಂದರಮಂಟಪವಿದೆ. ಯಾವ ಶಿಲ್ಪವೈಭವವೂ ಇಲ್ಲದ ಸಾಧಾರಣ ಕಲ್ಲಿನ ಮಂಟಪ. ಅಣೆಕಟ್ಟಿನಿಂದ ನೀರು ಬಿಟ್ಟ ವರ್ಷಗಳಲ್ಲಿ ಅದು ಹೊಳೆಯಲ್ಲಿ ಮುಳುಗುತ್ತದೆ. ನೀರು ಇಳಿದ ಮೇಲೆ ಪುಷ್ಯ ಅಮಾವಾಸ್ಯೆಯ ಆರಾಧನೆಗೆ ಹಾಡುವವರು ಮತ್ತೆ ತಂಬೂರಿಯೊಡನೆ ಅಲ್ಲಿಗೆ ಬಂದು ಕುಳಿತುಕೊಳ್ಳುತ್ತಾರೆ.