ಹಕ್ಕಿಯನ್ನು ಕೈಯಲ್ಲಿ ಹಿಡಿದು ಕಲಿತವರು

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಯ ಕೋಳಿಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆಯಲ್ಲಿ ಹಕ್ಕಿ ಜ್ವರ ದೃಢಪಟ್ಟಿತು. ನಿಯಮದಂತೆ ಸುತ್ತಲಿನ ಕೋಳಿಗಳನ್ನು ಕೊಂದು ಹೂಳಲಾಯಿತು. ಅದಕ್ಕೂ ಮುನ್ನ, 2023ರಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಕಂಡುಬಂದಿತ್ತು. ಎರಡೂ ಸಂದರ್ಭಗಳಲ್ಲಿ ಆಡಳಿತ ಮಾಡಬೇಕಾದುದನ್ನು ಮಾಡಿತು. ಆದರೆ ಇಂಥ ರೋಗ ಎಲ್ಲಿಂದ ಬರುತ್ತದೆ, ಕೆರೆಗೆ ಬಂದಿಳಿಯುವ ಕಾಡುಹಕ್ಕಿಗಳಲ್ಲಿ ಅದು ಇದೆಯೇ, ಇದ್ದರೆ ಅವನ್ನು ಹಿಡಿದು ಪರೀಕ್ಷಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆ ಪ್ರತಿ ಬಾರಿಯಂತೆ ಹಾಗೆಯೇ ಉಳಿಯಿತು. ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಹೊಸದಲ್ಲ. ಆರು ದಶಕಗಳಿಗೂ ಹಿಂದೆ ಮಲೆನಾಡಿನ ಒಂದು ಕಾಡಿನಲ್ಲಿ ಅದು ಎದ್ದಾಗ ಉತ್ತರ ಹುಡುಕಲು ಮುಂದಾದವರಲ್ಲಿ ಒಬ್ಬರು ಸಲೀಂ ಅಲಿ. ಪಕ್ಷಿತಜ್ಞರೆಂದು ದೇಶವೇ ಬಲ್ಲ ಅವರ ಬದುಕಿನ ಈ ಮಗ್ಗುಲು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಅವರನ್ನು ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ. ಮಾವನಿಗೆ ಬೇಟೆಯ ಹವ್ಯಾಸ. ಹುಡುಗನಿಗೂ ಒಂದು ಏರ್‌ಗನ್ ದೊರೆಯಿತು. ಒಮ್ಮೆ ಹೊಡೆದುರುಳಿಸಿದ ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆ ಕಂಡು, ಅದು ಯಾವ ಹಕ್ಕಿಯೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದರ ಮುಂದಿನ ಭಾಗವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನಿಗೆ ಹಕ್ಕಿಯ ಹೆಸರನ್ನಷ್ಟೇ ಹೇಳಿ ಕಳುಹಿಸಲಿಲ್ಲ. ಕಪಾಟುಗಳನ್ನು ತೆರೆದು, ಸಾಲಾಗಿ ಜೋಡಿಸಿಟ್ಟಿದ್ದ ಹಕ್ಕಿಗಳ ಚರ್ಮಗಳನ್ನು ತೋರಿಸಿದರು. ಸತ್ತ ಹಕ್ಕಿಯ ಚರ್ಮ ಸುಲಿದು, ಕೆಡದಂತೆ ತುಂಬಿಡುವ ಕೆಲಸವನ್ನು ಕಲಿಯಲು ಅವಕಾಶ ಮಾಡಿಕೊಟ್ಟರು. ವಿದ್ಯೆ ಆರಂಭವಾದದ್ದು ಬೆರಳ ತುದಿಯಲ್ಲಿ.

ಪದವಿ ಅವರ ಪಾಲಿಗೆ ಒದಗಲಿಲ್ಲ. ಬರ್ಮಾದಲ್ಲಿ ಅಣ್ಣನ ಗಣಿ ಮತ್ತು ಮರದ ವ್ಯಾಪಾರಕ್ಕೆ ನೆರವಾಗಲು ಹೋಗಿ, ವ್ಯಾಪಾರಕ್ಕಿಂತ ಹೆಚ್ಚಾಗಿ ಕಾಡು ಸುತ್ತಿ, ನಷ್ಟದೊಂದಿಗೆ ಹಿಂತಿರುಗಿದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರೂ ಪದವಿಯವರೆಗೆ ಮುಂದುವರಿಯಲಿಲ್ಲ. ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಪಕ್ಷಿತಜ್ಞನ ಹುದ್ದೆ ಅವರ ಕೈತಪ್ಪಿದ್ದು ಇದೇ ಕಾರಣಕ್ಕೆ. ನೇಮಕಾತಿ ಕಡತಗಳನ್ನು ದಶಕಗಳ ಕಾಲ ನೋಡಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಅರ್ಹತಾ ಪಟ್ಟಿಯಲ್ಲಿ ಪದವಿಗೊಂದು ಅಂಕಣವಿರುತ್ತದೆ, ಕೈಚಳಕಕ್ಕೆ ಇರುವುದಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರ ಹುದ್ದೆ ಸಿಕ್ಕಿತು. ಎರಡು ಮೂರು ವರ್ಷಗಳಲ್ಲೇ ಅದು ಬೇಸರ ತರಿಸಿತು. ರಜೆ ಪಡೆದು ಜರ್ಮನಿಗೆ ಹೊರಟರು.

ಬರ್ಲಿನ್ನಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಎರ್ವಿನ್ ಸ್ಟ್ರೆಸೆಮನ್. ಅಲ್ಲಿಂದ ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದ ಪಕ್ಷಿ ವೀಕ್ಷಣಾಲಯಕ್ಕೂ ಹೋದರು. ವಲಸೆಯ ದಾರಿಯಲ್ಲಿ ದಣಿದು ಇಳಿಯುವ ಹಕ್ಕಿಗಳನ್ನು ಅಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯಿರುವ ಲೋಹದ ಉಂಗುರ ತೊಡಿಸಿ ಬಿಡುತ್ತಿದ್ದರು. ಕೇಳಲು ಸುಲಭ, ಮಾಡಲು ಕಷ್ಟ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವಂಥ ವಪೆ ಹಕ್ಕಿಗಳಿಗಿಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅವುಗಳ ಉಸಿರಾಟ. ಹಾರಿಹೋದೀತೆಂಬ ಭಯದಿಂದ ಎದೆಯನ್ನು ಬಿಗಿಯಾಗಿ ಅದುಮಿದರೆ ಹಕ್ಕಿ ಹಿಡಿದವನ ಮುಷ್ಟಿಯಲ್ಲೇ ಉಸಿರುಗಟ್ಟಿ ಸಾಯುತ್ತದೆ. ಸಣ್ಣ ಹಕ್ಕಿಯ ಕತ್ತನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿನಲ್ಲಿ ಹಗುರವಾಗಿ ಇರಿಸಿ, ಬೆನ್ನು ಅಂಗೈಗೆ ಒರಗುವಂತೆ ಹಿಡಿಯಬೇಕು. ಈ ಹಿಡಿತವನ್ನು ಪುಸ್ತಕ ಓದಿ ಕಲಿತವರಿಲ್ಲ.

1930ರಲ್ಲಿ ಹಿಂತಿರುಗಿದಾಗ ವಸ್ತುಸಂಗ್ರಹಾಲಯದ ಹುದ್ದೆಯೇ ರದ್ದಾಗಿತ್ತು. ಪತ್ನಿ ತೆಹಮಿನಾ ಜೊತೆ ಮುಂಬಯಿ ಸಮೀಪದ ಕಡಲತೀರದ ಹಳ್ಳಿ ಕಿಹಿಮ್‌ನಲ್ಲಿ ನೆಲೆಸಿ, ಗೀಜಗನ ಗೂಡುಗಳನ್ನು ದಿನಗಟ್ಟಲೆ ಗಮನಿಸಿ ಬರೆದ ಲೇಖನ ಅವರಿಗೆ ಹೆಸರು ತಂದಿತು. ಆಮೇಲೆ ಒಂದು ಉಪಾಯ ಹೂಡಿದರು. ಶಿಬಿರ ಮತ್ತು ಪ್ರಯಾಣದ ಖರ್ಚನ್ನು ಸಂಸ್ಥಾನಗಳು ಭರಿಸಿದರೆ ತಾವು ಸಂಬಳವಿಲ್ಲದೆ ಪಕ್ಷಿ ಸಮೀಕ್ಷೆ ನಡೆಸಿಕೊಡುವುದಾಗಿ ಮುಂದೆ ಬಂದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ಸಂಸ್ಥಾನ ಒಪ್ಪಿತು. 1939ರಲ್ಲಿ ತೆಹಮಿನಾ ತೀರಿಕೊಂಡರು. ಆ ಸುಮಾರಿಗೆ ಕೈಗೊಂಡದ್ದು ಮೈಸೂರು ಸಂಸ್ಥಾನದ ಸಮೀಕ್ಷೆ. ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಅವರು ಮಾಡಿದ ಶಿಫಾರಸಿನಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಈ ಸಮೀಕ್ಷೆಗಳಲ್ಲಿ ಅವರು ಹಕ್ಕಿಗಳನ್ನು ಗುಂಡಿಟ್ಟು ಸಂಗ್ರಹಿಸುತ್ತಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಇಂದಿನ ಓದುಗರಿಗೆ ಇದು ಹಿಡಿಸದಿರಬಹುದು. ಆದರೆ ಹೊಡೆದ ಪ್ರತಿ ಹಕ್ಕಿಯನ್ನೂ ಬಗೆದು, ಲಿಂಗ ಗುರುತಿಸಿ, ಹೊಟ್ಟೆಯಲ್ಲಿ ಏನಿತ್ತೆಂದು ನೋಡಿ, ಬರೆದಿಟ್ಟುಕೊಂಡದ್ದರಿಂದಲೇ ಯಾವ ಹಕ್ಕಿ ರೈತನ ಮಿತ್ರ, ಯಾವುದು ಶತ್ರು ಎಂದು ಹೇಳಲು ನಮಗೊಂದು ಆಧಾರ ದೊರೆಯಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ, ರಕ್ತಸ್ರಾವ, ಸಾವು. ಭಾರತಕ್ಕೆ ಹಳದಿ ಜ್ವರ ಬಂತೇ ಎಂಬ ಆತಂಕದಿಂದ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಂಡ ಧಾವಿಸಿತು. ಸಿಕ್ಕಿದ್ದು ಹೊಸ ವೈರಾಣು; ಅದನ್ನು ಹರಡುವುದು ಉಣುಗು ಎಂಬುದೂ ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ವಿಜ್ಞಾನಿಗಳನ್ನು ಕಾಡಿದ ಸಂಗತಿಯೆಂದರೆ, ಈ ವೈರಾಣು ರಷ್ಯಾ ಮತ್ತು ಸೈಬೀರಿಯಾದ ಉಣುಗು ಜ್ವರಗಳ ವೈರಾಣುಗಳಿಗೆ ಹತ್ತಿರದ ಬಂಧುವಾಗಿತ್ತು. ಸೈಬೀರಿಯಾದ ಬಂಧು ಸೊರಬದ ಕಾಡಿಗೆ ಬಂದದ್ದು ಹೇಗೆ? ಪ್ರತಿ ಚಳಿಗಾಲದಲ್ಲೂ ಉತ್ತರದಿಂದ ಬರುವ ಹಕ್ಕಿಗಳ ಮೈಮೇಲೆ ಉಣುಗುಗಳು ಬಂದಿರಬಹುದೆಂಬ ಊಹೆ ಮೂಡಿತು.

ಊಹೆಯನ್ನು ಪರೀಕ್ಷಿಸಲು ಹಕ್ಕಿಗಳನ್ನು ಜೀವಂತ ಹಿಡಿಯಬೇಕು, ಮೈಯ ಉಣುಗುಗಳನ್ನು ಆಯ್ದು ಪ್ರಯೋಗಾಲಯಕ್ಕೆ ಕಳುಹಿಸಬೇಕು, ಉಂಗುರ ತೊಡಿಸಿ ಬಿಡಬೇಕು. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಬಲ್ಲವರು ದೇಶದಲ್ಲಿ ಬೆರಳೆಣಿಕೆಯಷ್ಟು. ಅರವತ್ತು ದಾಟಿದ್ದ ಸಲೀಂ ಅಲಿ ಇದರಲ್ಲಿ ತಮ್ಮ ಬಹುಕಾಲದ ಕನಸಿಗೆ ದಾರಿ ಕಂಡರು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸೊಸೈಟಿಯ ಶಿಬಿರಗಳು ದೇಶದ ಹಲವೆಡೆ ನಡೆದವು. ಬಲೆ ಹಾಕಲು ಅವರು ಕರೆತಂದದ್ದು ಬಿಹಾರದ ಮೀರ್‌ಶಿಕಾರ್ ಸಮುದಾಯದವರನ್ನು. ತಲೆತಲಾಂತರದಿಂದ ಹಕ್ಕಿ ಹಿಡಿದು ಮಾರಿ ಬದುಕುತ್ತಿದ್ದ ಆ ಜನರ ಕೈಗೆ ವಿಶ್ವವಿದ್ಯಾಲಯದ ಯಾವ ಪ್ರಾಧ್ಯಾಪಕನ ಕೈಯೂ ಸಾಟಿಯಾಗಿರಲಿಲ್ಲ. ಎಂ.ಎಸ್ಸಿ. ಓದಿದ ತರುಣರು ಅವರ ಪಕ್ಕದಲ್ಲಿ ಕುಳಿತು ಬಲೆಯಿಂದ ಹಕ್ಕಿಯನ್ನು ಗರಿ ಮುರಿಯದಂತೆ ಬಿಡಿಸುವುದನ್ನು ಕಲಿತರು. ತೂಕ, ರೆಕ್ಕೆಯ ಅಳತೆ, ಉಣುಗು ಎಲ್ಲವನ್ನೂ ದಾಖಲಿಸಿದರು. ಈ ದೇಶದಲ್ಲಿ ವನ್ಯಜೀವಿಗಳ ಆರೋಗ್ಯದ ಬಗೆಗೆ ನಡೆದ ಮೊದಲ ದೊಡ್ಡ ಪ್ರಾಯೋಗಿಕ ಶಿಕ್ಷಣ ಇದೇ ಎಂದು ನಾನು ತಿಳಿಯುತ್ತೇನೆ.

ವಲಸೆ ಹಕ್ಕಿಗಳೇ ರೋಗ ತಂದವೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಅಷ್ಟರಲ್ಲಿ ಮೊದಲಿನ ನೆರವು ನಿಂತು, ಏಷ್ಯಾದಾದ್ಯಂತ ಹಕ್ಕಿಗಳ ರೋಗಗಳನ್ನು ಅಧ್ಯಯನ ಮಾಡಿಸುತ್ತಿದ್ದ ಅಮೆರಿಕ ಸೇನೆಯ ವೈದ್ಯಕೀಯ ವಿಭಾಗದ ಹಣ ಬರತೊಡಗಿತ್ತು. ಎಪ್ಪತ್ತರ ದಶಕದ ನಡುವೆ ಅದೇ ಮುಳುವಾಯಿತು. ಹಕ್ಕಿಗಳ ಮೂಲಕ ರೋಗಾಣು ಯುದ್ಧಕ್ಕೆ ಸಿದ್ಧತೆ ನಡೆದಿದೆಯೆಂಬ ಆರೋಪ ಪತ್ರಿಕೆಗಳಲ್ಲಿ ಬಂತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರ ವರದಿಯಲ್ಲಿ ವಿದೇಶಿ ಹಣದ ಇತರ ಯೋಜನೆಗಳ ಜೊತೆಗೆ ಇದನ್ನೂ ಪ್ರಶ್ನಿಸಿತು. ಸಲೀಂ ಅಲಿ ತೀವ್ರವಾಗಿ ನೊಂದರು. ಸಮಿತಿಯ ಕಳವಳ ಅಕಾರಣವಾಗಿರಲಿಲ್ಲ ಎಂದೇ ನನ್ನ ಭಾವನೆ. ಪರದೇಶದ ಸೇನೆ ಕೊಡುವ ಹಣದ ಉದ್ದೇಶವನ್ನು ಕೇಳುವುದು ಸಂಸತ್ತಿನ ಕರ್ತವ್ಯ. ಆದರೆ ಆ ಹಣಕ್ಕೆ ಕೈಚಾಚುವ ಸ್ಥಿತಿ ಏಕೆ ಬಂತು, ನಮ್ಮ ಕಾಡಿನ ರೋಗವನ್ನು ನಮ್ಮದೇ ಆಯವ್ಯಯದಲ್ಲಿ ಏಕೆ ಅಧ್ಯಯನ ಮಾಡಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು.

ಇಲ್ಲಿ ನನ್ನ ಒಂದು ನೆನಪು. ತಾಲ್ಲೂಕುಗಳಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ರೈತರು ಹೊಲದಲ್ಲಿ ಬಿದ್ದಿದ್ದ ನವಿಲನ್ನು ಪಶು ಆಸ್ಪತ್ರೆಗೆ ತಂದರು. ನಾನು ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ವೈದ್ಯರು ಸಮರ್ಥರು, ಕರು ಅಡ್ಡವಾದ ಹಸುವನ್ನು ನಡುರಾತ್ರಿ ಹಳ್ಳಿಗೆ ಹೋಗಿ ಉಳಿಸಿದ್ದನ್ನು ನಾನೇ ಬಲ್ಲೆ. ನವಿಲು ಕೊಸರಾಡಿತು; ಅದು ನೆಗೆಯದಿರಲೆಂದು ಇಬ್ಬರು ಎದೆಗೆ ಅವಚಿ ಹಿಡಿದರು. ಔಷಧ ತುಂಬುವಷ್ಟರಲ್ಲಿ ಹಕ್ಕಿ ಸತ್ತಿತ್ತು. ವಿಷದ ಕಾಳು ತಿಂದಿತ್ತೋ, ಹಿಡಿತದಿಂದಲೇ ಸತ್ತಿತೋ ಯಾರಿಗೂ ತಿಳಿಯಲಿಲ್ಲ. ಓದಿನ ಅಷ್ಟೂ ವರ್ಷಗಳಲ್ಲಿ ಒಂದು ಕಾಡುಹಕ್ಕಿಯನ್ನೂ ತಾವು ಮುಟ್ಟಿರಲಿಲ್ಲವೆಂದು ಆಮೇಲೆ ಆ ವೈದ್ಯರು ಸಂಕೋಚದಿಂದ ಹೇಳಿಕೊಂಡರು.

ಅರ್ಥಶಾಸ್ತ್ರ ಓದಿದವನಿಗೆ ಇದರ ಕಾರಣ ಹೊಳೆಯುವುದು ಕಷ್ಟವಲ್ಲ. ಹಸುವಿಗೆ ಒಡೆಯನಿದ್ದಾನೆ, ಹಾಲಿಗೆ ಬೆಲೆಯಿದೆ, ಆದ್ದರಿಂದ ಹಸುವಿನ ವೈದ್ಯಕ್ಕೆ ಬೇಡಿಕೆಯಿದೆ. ಕೆರೆಯ ಬಾತುಕೋಳಿಗೆ ಒಡೆಯನಿಲ್ಲ. ಅದರ ಆರೋಗ್ಯದ ಲಾಭ ಎಲ್ಲರಿಗೂ ಹಂಚಿಹೋಗುವುದರಿಂದ ವೆಚ್ಚ ಭರಿಸಲು ಯಾರೂ ಮುಂದೆ ಬರುವುದಿಲ್ಲ. ನಷ್ಟ ಮಾತ್ರ ವರದಹಳ್ಳಿಯಂಥ ಊರಿನ ಬಡವರ ಹಿತ್ತಿಲಿಗೆ ಬಂದಿಳಿಯುತ್ತದೆ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಕಳೇಬರಗಳನ್ನು ಮುಟ್ಟಿದ, ಸುಟ್ಟ ಕೆಲಸಗಾರರೇ ಮಂಗನ ಕಾಯಿಲೆಗೆ ತುತ್ತಾದರು. ಕ್ಯಾಸನೂರಿನ ಪಾಠಕ್ಕೆ ಆಗ ಐವತ್ತೈದು ವರ್ಷ ತುಂಬಿತ್ತು.

ಕೊನೆಯ ದಶಕದಲ್ಲಿ ಸಲೀಂ ಅಲಿಗೆ ಮನ್ನಣೆಗಳು ಬಂದವು: 1976ರಲ್ಲಿ ಪದ್ಮವಿಭೂಷಣ, ಗೆಟ್ಟಿ ಪ್ರಶಸ್ತಿ, 1985ರಲ್ಲಿ ರಾಜ್ಯಸಭೆಯ ನಾಮನಿರ್ದೇಶನ. ಗೆಟ್ಟಿ ಪ್ರಶಸ್ತಿಯ ಹಣವನ್ನು ಸಂರಕ್ಷಣಾ ಕಾರ್ಯಕ್ಕೇ ಕೊಟ್ಟರು. ನಿಂತುಹೋಗಿದ್ದ ಉಂಗುರ ತೊಡಿಸುವ ಕೆಲಸ 1980ರ ಹೊತ್ತಿಗೆ ಭರತಪುರ ಮತ್ತು ತಮಿಳುನಾಡಿನ ಕೋಡಿಯಕ್ಕರೆಯಲ್ಲಿ ಮತ್ತೆ ಆರಂಭವಾದುದನ್ನು ಅವರು ಕಂಡರು. 1987ರ ಜೂನ್‌ನಲ್ಲಿ, ತೊಂಬತ್ತು ತುಂಬಿದ್ದ ಅವರು ತೀರಿಕೊಂಡರು.

ನಮ್ಮ ಪಶುವೈದ್ಯಕೀಯ ಪಠ್ಯಕ್ರಮದಲ್ಲಿ ವನ್ಯಜೀವಿಗಳ ಪಾಠ ಇಲ್ಲವೆಂದಲ್ಲ. ಕೊಡಗಿನ ದೊಡ್ಡಳುವಾರದಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯೂ ಇದೆ. ಆದರೆ ಹೆಬ್ಬಾಳದ ವಿದ್ಯಾರ್ಥಿ ಅಷ್ಟು ದೂರ ಹೋಗಬೇಕಾಗಿಲ್ಲ. ಹೆಬ್ಬಾಳ ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಹರಿದ ಮೇಲೆ ಕಂದವಾರ ಕೆರೆಯೂ ಸುತ್ತಲಿನ ಹಲವು ಕೆರೆಗಳೂ ತುಂಬಿವೆ. ನೀರಿದ್ದಲ್ಲಿ ಹಕ್ಕಿ, ದಂಡೆಯಾಚೆ ಕೋಳಿ ಫಾರಂ. ಚಿಂತಾಮಣಿಯ ಕಡೆ ಕೈವಾರದ ಬೆಟ್ಟಗಳಿವೆ, ಗೌರಿಬಿದನೂರಿಗೆ ಹತ್ತಿರದ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಪದವಿಯ ಕೊನೆಗೆ ಒಂದು ವರ್ಷದ ಇಂಟರ್ನ್‌ಶಿಪ್ ಹೇಗೂ ಕಡ್ಡಾಯ. ಅದರಲ್ಲಿ ಹದಿನೈದು ದಿನಗಳನ್ನು ಈ ನಾಲ್ಕು ತಾಲ್ಲೂಕುಗಳಿಗೆ ಮೀಸಲಿಟ್ಟು, ನುರಿತ ಪಕ್ಷಿತಜ್ಞರ ಜೊತೆಯಲ್ಲಿ ಹಕ್ಕಿ ಹಿಡಿಯುವುದು, ಮಾದರಿ ತೆಗೆಯುವುದು, ಸತ್ತ ಪ್ರಾಣಿಯನ್ನು ಕೈಗವಸು ಮುಖಗವಸು ಧರಿಸಿ ಬಗೆದು ನೋಡುವುದು ಇವನ್ನು ಕಲಿಸಬಹುದು. ಸಲೀಂ ಅಲಿಯ ಆ ಮೊದಲ ಶಿಬಿರಗಳ ಕಾಲದಲ್ಲಿಲ್ಲದ ಒಂದು ತೊಡಕು ಈಗ ಇದೆ. ವನ್ಯಜೀವಿಗಳನ್ನು ಹಿಡಿಯಲು 1972ರ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು; ಬೇಕಾದದ್ದೇ. ಶಿಕ್ಷಣಕ್ಕೆಂದು ಅನುಮತಿ ನೀಡಲು ಅದೇ ಕಾಯ್ದೆಯ 12ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಇಂಥ ಕಡತ ಎರಡು ಇಲಾಖೆಗಳ ನಡುವೆ ಓಡಾಡಲು ಎಷ್ಟು ತಿಂಗಳು ಬೇಕೆಂಬುದನ್ನು ನಾನು ಬಲ್ಲೆ. ವಲಸೆ ಹಕ್ಕಿಗಳು ನವೆಂಬರ್ ವೇಳೆಗೆ ಕೆರೆಗೆ ಬಂದಿಳಿಯುತ್ತವೆ. ಅರ್ಜಿ ಮುಂಗಾರಿಗೆ ಮೊದಲೇ ಹೋಗಬೇಕು.