ಡೇವಿಡ್ ಸಸೂನ್: ಬಾಗ್ದಾದ್‌ನಿಂದ ತಪ್ಪಿಸಿಕೊಂಡು ಬಂದು ಮುಂಬೈ, ಪುಣೆಯಲ್ಲಿ ಹೆಸರು ಉಳಿಸಿದ ವ್ಯಾಪಾರಿ

ಮುಂಬೈನ ಕಾಳಾ ಘೋಡಾದಲ್ಲಿರುವ ಹಳೆಯ ಗ್ರಂಥಾಲಯ, ಪುಣೆ ರೈಲು ನಿಲ್ದಾಣದ ಸಮೀಪದ ಸಸೂನ್ ಆಸ್ಪತ್ರೆ. ದಿನವೂ ನೂರಾರು ಜನ ಬಂದುಹೋಗುವ ಈ ಎರಡು ಕಟ್ಟಡಗಳಿಗೂ ಒಬ್ಬರದೇ ಹೆಸರು. ಅವರು ಡೇವಿಡ್ ಸಸೂನ್. ಪ್ರಾಣ ಉಳಿಸಿಕೊಳ್ಳಲು ಸ್ವಂತ ಊರು ಬಿಟ್ಟು ಬಂದ ಯಹೂದಿ ವ್ಯಾಪಾರಿ.

ಡೇವಿಡ್ ಎಂಬುದು ಹೀಬ್ರೂ ಮೂಲದ ಹೆಸರು. ಪ್ರೀತಿಪಾತ್ರ ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಬೆತ್ಲೆಹೇಮಿನಲ್ಲಿ ಕುರಿ ಕಾಯುತ್ತಿದ್ದು, ಮುಂದೆ ಇಸ್ರೇಲಿನ ಅರಸನಾದವನಿಂದ ಈ ಹೆಸರು ಜಗತ್ತಿಗೆಲ್ಲ ಹಬ್ಬಿತು. ಕನ್ನಡ ಬೈಬಲ್‌ನಲ್ಲಿ ಆತ ದಾವೀದ. ಅರಬ್ಬಿಯಲ್ಲಿ ದಾವೂದ್, ಮುಸ್ಲಿಮರು ಆತನನ್ನು ಪ್ರವಾದಿ ಎಂದು ಗೌರವಿಸುತ್ತಾರೆ. ಸಸೂನ್ ಎಂದರೂ ಹೀಬ್ರೂ ಭಾಷೆಯಲ್ಲಿ ಹರ್ಷ ಎಂದರ್ಥ. ಅದು ಮೊದಲು ಮನೆತನದ ಹೆಸರಾಗಿರಲಿಲ್ಲ, ಡೇವಿಡ್ ಅವರ ತಂದೆಯ ಹೆಸರಾಗಿತ್ತು.

1792ರಲ್ಲಿ ಬಾಗ್ದಾದ್‌ನಲ್ಲಿ ಹುಟ್ಟಿದ ಡೇವಿಡ್ ಅವರದು ಪ್ರತಿಷ್ಠಿತ ಮನೆತನ. ತಂದೆ ಅಲ್ಲಿನ ಆಡಳಿತಗಾರರ ಖಜಾಂಚಿಯಾಗಿದ್ದರು, ಯಹೂದಿ ಸಮುದಾಯದ ಮುಖಂಡರೂ ಆಗಿದ್ದರು. ಆದರೆ ದಾವೂದ್ ಪಾಷಾ ಆಳ್ವಿಕೆಯಲ್ಲಿ ಕಿರುಕುಳ ಹೆಚ್ಚಿ, ಕುಟುಂಬ ಊರು ಬಿಡಬೇಕಾಯಿತು. ಓಡಿಸಿದವನಿಗೂ ಓಡಿಹೋದವರಿಗೂ ಒಂದೇ ಹೆಸರು ಎಂಬುದು ಇತಿಹಾಸದ ವಿಪರ್ಯಾಸ. ಪರ್ಷಿಯಾದ ಬುಶೆಹರ್ ಬಂದರಿನಲ್ಲಿ ಕೆಲಕಾಲ ನೆಲೆಸಿದ್ದ ಡೇವಿಡ್, 1832ರಲ್ಲಿ ಮುಂಬೈಗೆ ಬಂದರು.

ಇಲ್ಲಿಂದ ಅವರ ವ್ಯಾಪಾರ ಬೆಳೆಯಿತು. ಹತ್ತಿ, ಬಟ್ಟೆಯ ಜೊತೆಗೆ ಅಫೀಮನ್ನೂ ಮಾರಿದರು. ಮೊದಲ ಅಫೀಮು ಯುದ್ಧದ ನಂತರ 1842ರಲ್ಲಿ ಚೀನಾದ ಬಂದರುಗಳು ತೆರೆದುಕೊಂಡಾಗ, ಮಗ ಎಲಿಯಾಸ್‌ನನ್ನು ಅಲ್ಲಿಗೆ ಕಳುಹಿಸಿದರು. ಬ್ರಿಟಿಷ್ ಆಡಳಿತದಲ್ಲಿ ಅದು ಕಾನೂನುಬದ್ಧ ವ್ಯಾಪಾರವೇ ಆಗಿತ್ತು. ಆದರೆ ಚೀನಾದ ಲೆಕ್ಕವಿಲ್ಲದಷ್ಟು ಮನೆಗಳನ್ನು ಆ ಚಟ ಹಾಳು ಮಾಡಿತು. ಸಸೂನ್ ಮನೆತನದ ಸಂಪತ್ತಿನಲ್ಲಿ ಆ ಹಣದ ಪಾಲು ದೊಡ್ಡದು.

ಅದೇ ಸಂಪತ್ತಿನಿಂದ ದಾನಧರ್ಮವೂ ನಡೆಯಿತು. ಯಹೂದಿ ಮಕ್ಕಳಿಗೆ ಶಾಲೆ, ದಾರಿ ತಪ್ಪಿದ ಬಾಲಕರಿಗೆ ಕಸುಬು ಕಲಿಸುವ ಸಂಸ್ಥೆ, ಎಲ್ಲ ಧರ್ಮದವರಿಗೂ ಆಸ್ಪತ್ರೆ. ಬೈಕಲಾದ ಸಿನಗಾಗ್‌ಗೆ ಮಾಗೇನ್ ಡೇವಿಡ್, ಅಂದರೆ ದಾವೀದನ ಗುರಾಣಿ ಎಂದು ಹೆಸರಾಯಿತು. ಪುಣೆಯ ಕೆಂಪು ಇಟ್ಟಿಗೆಯ ಸಿನಗಾಗ್ ಓಹೆಲ್ ಡೇವಿಡ್ ಆಯಿತು, ಅಂದರೆ ದಾವೀದನ ಗುಡಾರ. ಸ್ಥಳೀಯರಿಗೆ ಅದು ಲಾಲ್ ದೇವೂಳ್. ಅರಸನ ಹೆಸರಿನಲ್ಲೇ ಕಟ್ಟಿಸಿದವರ ಹೆಸರೂ ಸೇರಿಕೊಂಡಿತು.

1853ರಲ್ಲಿ ಬ್ರಿಟಿಷ್ ಪ್ರಜೆಯಾದರೂ ಡೇವಿಡ್ ಕೊನೆಯವರೆಗೂ ಬಾಗ್ದಾದ್‌ನ ನಿಲುವಂಗಿ, ಪೇಟ ಬಿಡಲಿಲ್ಲ. ಕಾಳಾ ಘೋಡಾ ಗ್ರಂಥಾಲಯದ ಅಮೃತಶಿಲೆಯ ಪ್ರತಿಮೆಯಲ್ಲೂ ಅದೇ ಉಡುಪು. ಮಕ್ಕಳ ಕಾಲಕ್ಕೆ ಎಲ್ಲ ಬದಲಾಯಿತು. ಹಿರಿಯ ಮಗ ಅಬ್ದುಲ್ಲಾ ಹೆಸರು ಬದಲಿಸಿಕೊಂಡು ಆಲ್ಬರ್ಟ್ ಆದರು. ಮುಂಬೈನ ಸಸೂನ್ ಡಾಕ್ ಕಟ್ಟಿಸಿದವರು ಅವರೇ. ಕುಟುಂಬದ ಒಂದು ಕವಲು ಇಂಗ್ಲೆಂಡ್‌ನಲ್ಲಿ ನೆಲೆಸಿತು. ಮೊದಲ ಮಹಾಯುದ್ಧದ ಕವಿ ಸೀಗ್‌ಫ್ರೀಡ್ ಸಸೂನ್, ಡೇವಿಡ್ ಅವರ ಮರಿಮಗ. ಅವರ ಮೊದಲ ಹೆಸರು ಜರ್ಮನ್ ಮೂಲದ್ದು. ಹೀಬ್ರೂ ಉಳಿದದ್ದು ಸಸೂನ್ ಎಂಬ ಕುಲನಾಮದಲ್ಲಿ.

1864ರ ನವೆಂಬರ್‌ನಲ್ಲಿ ಡೇವಿಡ್ ಪುಣೆಯಲ್ಲಿ ನಿಧನರಾದರು. ಆಗಿನ್ನೂ ಓಹೆಲ್ ಡೇವಿಡ್ ಕಟ್ಟಡ ಪೂರ್ತಿಯಾಗಿರಲಿಲ್ಲ, ಆಸ್ಪತ್ರೆಯೂ ತೆರೆದಿರಲಿಲ್ಲ. ಎರಡೂ ಸಿದ್ಧವಾದದ್ದು 1867ರಲ್ಲಿ. ಅವರ ಸಮಾಧಿ ಅದೇ ಸಿನಗಾಗ್‌ನ ಅಂಗಳದಲ್ಲಿದೆ. ಸ್ವಲ್ಪ ದೂರದಲ್ಲಿರುವ ಆಸ್ಪತ್ರೆಗೆ ಬಡ ರೋಗಿಗಳು ಇಂದಿಗೂ ಬರುತ್ತಾರೆ.